ಸಾಕ್ಷಿ ಹಿಂದೆ ತೆಗೆದುಕೊಂಡ ಟೀಚರ್

ಟೀಚರ್ ತೀರಿಕೊಂಡ ಮೇಲೆ ಶಾಲೆಯ ಹಳೆ ವಿದ್ಯಾರ್ಥಿಗಳು ಒಂದು ನೆನಪಿನ ಪುಸ್ತಿಕೆ ತರುವುದೆಂದು ನಿಶ್ಚಯಿಸಿ ನನ್ನಿಂದಲೂ ಒಂದು ಪುಟ ಕೇಳಿದರು. ಬರೆದುಕೊಟ್ಟೆ. ಗಣಿತವನ್ನು ಎಂಥ ದಡ್ಡನಿಗೂ ತಲೆಗೆ ಹೋಗುವಂತೆ ಕಲಿಸುತ್ತಿದ್ದರು, ಶಿಸ್ತಿನವರು, ದೈವಭಕ್ತೆ, ನಮ್ಮನ್ನೆಲ್ಲ ಸ್ವಂತ ಮಕ್ಕಳಂತೆ ಕಂಡವರು. ಪುಸ್ತಿಕೆ ಅಚ್ಚಾಗಿ ಬಂತು. ನಾಲ್ಕು ಜನ ಫೋನು ಮಾಡಿ ಚೆನ್ನಾಗಿ ಬರೆದಿದ್ದೀರಿ ಎಂದರು. ಆ ಪುಟದಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಅದನ್ನು ಮತ್ತೊಮ್ಮೆ ಓದಲು ಕೈಗೆತ್ತಿಕೊಂಡಾಗಲೆಲ್ಲ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಎದ್ದು ಅಂಗಡಿಯ ಕಪಾಟುಗಳನ್ನು ಸುಮ್ಮನೆ ಸರಿಮಾಡತೊಡಗುತ್ತೇನೆ. ಟೀಚರ್ ಅದನ್ನು ಓದಿದ್ದರೆ ಕನ್ನಡಕವನ್ನು ಹಣೆಗೇರಿಸಿ, "ಇದರಲ್ಲಿ ನಾನು ಎಲ್ಲಿದ್ದೇನೆ ಮಾರಾಯ?" ಎಂದು ಕೇಳುತ್ತಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ, ಗೊತ್ತಿಲ್ಲದವರಿಗೆ ಹೆಸರಿನಿಂದ ಆಗಬೇಕಾದ್ದೂ ಇಲ್ಲ.

ನನ್ನದು ಮಡಂತ್ಯಾರಿನಲ್ಲಿ ಒಂದು ಮೆಡಿಕಲ್ ಅಂಗಡಿ. ಓದಿದ್ದು ಅಲ್ಲೇ ಹತ್ತಿರದ ಹೈಸ್ಕೂಲಿನಲ್ಲಿ. ನಾನು ಎಂಟನೇ ತರಗತಿಗೆ ಸೇರಿದ ವರ್ಷವೇ ಟೀಚರ್ ಗಣಿತಕ್ಕೆ ಬಂದರು. ಆಗ ಅವರಿಗೆ ಇಪ್ಪತ್ತಾರೋ ಇಪ್ಪತ್ತೇಳೋ. ಎತ್ತರದ ಆಳು, ಬಿರುಸು ನಡಿಗೆ. ಅವರು ಕುರ್ಚಿಯಲ್ಲಿ ಕೂತು ಪಾಠ ಮಾಡಿದ್ದನ್ನು ನಾವು ಯಾರೂ ನೋಡಿಲ್ಲ. "ಕೂತ್ರೆ ನನಗೆ ತಲೆ ಓಡುವುದಿಲ್ಲ" ಎನ್ನುತ್ತಿದ್ದರು. ಸ್ಟಾಫ್ ರೂಮಿನಲ್ಲೂ ಕಿಟಕಿಗೆ ಒರಗಿ ನಿಂತೇ ಉತ್ತರ ಪತ್ರಿಕೆ ತಿದ್ದುವರು. ಮನೆಯಲ್ಲಿ ಕೊಂಕಣಿ, ದಾರಿಯಲ್ಲಿ ತುಳು, ತರಗತಿಯಲ್ಲಿ ಕನ್ನಡ. ಸಿಟ್ಟು ಬಂದರೆ ಮೂರೂ ಒಟ್ಟಿಗೇ ಬರುತ್ತಿದ್ದವು.

ಒಂದು ದಿನ ಶಂಕುವಿನ ಘನಫಲದ ಲೆಕ್ಕವೊಂದನ್ನು ಬೋರ್ಡಿನ ಮೇಲೆ ಬಿಡಿಸಿ ಹೋದರು. ಮರುದಿನ ಬೆಳಿಗ್ಗೆ ಕನ್ನಡ ಪಂಡಿತರ ಪಾಠ ನಡೆಯುತ್ತಿರುವಾಗ ಬಾಗಿಲಲ್ಲಿ ಬಂದು ನಿಂತು, "ಸರ್, ಎರಡು ನಿಮಿಷ ಕೊಡ್ತೀರಾ?" ಎಂದರು. ಒಳಗೆ ಬಂದು, "ನಿನ್ನೆ ನಾನು ಮಾಡಿದ ಮೂರನೇ ಲೆಕ್ಕ ತಪ್ಪು. ಈಗಲೇ ಪುಸ್ತಕ ತೆಗೆಯಿರಿ" ಎಂದು ತಿದ್ದಿಸಿದರು. ಆ ದಿನ ಬಾರದಿದ್ದ ಇಬ್ಬರ ಹೆಸರು ಬರೆದುಕೊಂಡು ಹೋದರು. ಪಂಡಿತರಿಗೆ ಇದೊಂದು ದೊಡ್ಡ ತಮಾಷೆಯಾಗಿ ಕಂಡಿತು, ನಮಗೂ.

ಭಾನುವಾರ ಅವರು ತಮ್ಮ ಊರಿನ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದರು. ಮಡಂತ್ಯಾರಿನಿಂದ ಎರಡು ಮೂರು ಕಿಲೋಮೀಟರು ಒಳಗೆ ಹೋದರೆ ಅವರ ಮನೆ, ಅದರಾಚೆ ಒಂದು ಸಣ್ಣ ಚರ್ಚು. ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಕ್ರೈಸ್ತ ಗೆಳೆಯನಿಗೆ ಹೀಗಾಗಿ ವಾರದ ಏಳೂ ದಿನ ಅವರಿಂದ ಬಿಡುಗಡೆ ಇರಲಿಲ್ಲ. "ನೀನು ಪುಣ್ಯವಂತ ಮಾರಾಯ, ಬ್ಯಾರಿಯಾಗಿ ಹುಟ್ಟಿದೆ" ಎಂದು ಅವನು ಸೋಮವಾರಗಳಲ್ಲಿ ಮುಸ್ಲಿಮನಾದ ನನ್ನನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದ.

ನಾನು ಫಾರ್ಮಸಿ ಓದಿ ಅಂಗಡಿ ತೆರೆದ ಮೇಲೆ ಟೀಚರ್ ನನ್ನ ಗಿರಾಕಿಯಾದರು. ಅವರಿಗೆ ಒಬ್ಬಳೇ ಮಗಳು, ಮದುವೆಯಾಗಿ ಬಹಳ ವರ್ಷಕ್ಕೆ ಹುಟ್ಟಿದವಳು. ಏಳನೇ ವಯಸ್ಸಿನಲ್ಲಿ ಅವಳಿಗೆ ಫಿಟ್ಸ್ ಸುರುವಾಯಿತು. ಮಂಗಳೂರಿನ ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ನಾನು ಅವಳಿಗೆಂದೇ ತರಿಸಿಡುತ್ತಿದ್ದೆ. ತಿಂಗಳ ಮೊದಲ ಶನಿವಾರ ತಾಯಿ ಮಗಳು ಬರುವರು. ಅಂಗಡಿಯ ಮುಂದಿನ ಬೆಂಚಿನ ಮೇಲೆ ಕಾಲು ಆಡಿಸುತ್ತ ಕೂತು ಹುಡುಗಿ ಎದುರಿನ ಬೋರ್ಡುಗಳನ್ನೆಲ್ಲ ಹಿಂದುಮುಂದಾಗಿ ಓದಿ ತಾನೇ ನಗುವಳು. ಟೀಚರ್ ಮಾತ್ರೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ತಾರೀಕು ಓದಿ, ಒಮ್ಮೆ ಎಣಿಸಿ, ಚೀಲಕ್ಕೆ ಹಾಕಿಕೊಳ್ಳುವರು. ಮಾತ್ರೆ ಹಿಡಿಯಿತು. ಹುಡುಗಿಗೆ ಹನ್ನೊಂದಾಗುವ ಹೊತ್ತಿಗೆ ಎಂಟು ತಿಂಗಳು ಒಂದು ಫಿಟ್ಸ್ ಕೂಡ ಬಂದಿರಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಗದ್ದೆಯೊಂದರಲ್ಲಿ ಚಪ್ಪರ ಹಾಕಿ ಐದು ದಿನದ ಧ್ಯಾನಕೂಟ ನಡೆಯಿತು. ಹೊರಗಿನಿಂದ ಬಂದವರು ನಡೆಸಿದ್ದು. ಪ್ರಾರ್ಥನೆ, ಹಾಡು, ಕೊನೆಯ ದಿನ ಸಾಕ್ಷಿ. ಅಂದರೆ ದೇವರಿಂದ ತನಗೆ ಸಿಕ್ಕಿದ್ದನ್ನು ಒಬ್ಬೊಬ್ಬರೇ ವೇದಿಕೆ ಹತ್ತಿ ಹೇಳುವುದು. ಟೀಚರ್ ಮಗಳ ಕೈ ಹಿಡಿದುಕೊಂಡು ಮೈಕಿನ ಮುಂದೆ ನಿಂತು, ನನ್ನ ಮಗಳಿಗೆ ಗುಣವಾಗಿದೆ, ದೇವರು ಗುಣಪಡಿಸಿದ್ದಾನೆ ಎಂದು ಹೇಳಿದರಂತೆ. ಚಪ್ಪರದಲ್ಲಿ ಕೂತವರೆಲ್ಲ ಅತ್ತರಂತೆ. ಗಣಿತದ ಟೀಚರ್, ಅಳೆದು ತೂಗಿ ಮಾತಾಡುವವರು, ಅವರೇ ಹೇಳಿದ ಮೇಲೆ ಅನುಮಾನವೇನು? ಮಾರನೆಯ ದಿನ ನನ್ನ ಅಂಗಡಿಗೆ ಬಂದ, ಚರ್ಚಿಗೆ ಸಂಬಂಧವಿಲ್ಲದ ತುಳುವರು ಕೂಡ ಅದನ್ನೇ ಮಾತಾಡಿದರು. "ಆ ಟೀಚರ್ ಬಾಯಮ್ಮನ ಮಗಳಿಗೆ ಗುಣ ಆಯ್ತಂತೆ ಸಾಯ್ಬ್ರೇ, ಗೊತ್ತಾಯ್ತಾ?"

ಮುಂದಿನ ತಿಂಗಳ ಮೊದಲ ಶನಿವಾರ ಅವರು ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಮೂರನೇ ತಿಂಗಳಲ್ಲಿ ಕೆಮ್ಮಿನ ಔಷಧಕ್ಕೆಂದು ಒಬ್ಬರೇ ಬಂದರು. ನಾನು ಅಭ್ಯಾಸದಿಂದ ಆ ಮಾತ್ರೆ ಇಟ್ಟಿದ್ದ ಕಪಾಟಿನ ಕಡೆ ಕೈಚಾಚಿದೆ. ಅವರು ನನ್ನ ಕೈಯನ್ನೇ ನೋಡಿ ಹೇಳಿದರು:

"ಅದು ಬೇಡ ಮಾರಾಯ. ಇನ್ನು ಅದರ ಅಗತ್ಯ ಇಲ್ಲ."

ಆ ಮಾತ್ರೆಯನ್ನು ಹಾಗೆ ಥಟ್ಟನೆ ನಿಲ್ಲಿಸಬಾರದು, ನಿಲ್ಲಿಸುವುದಿದ್ದರೂ ಡಾಕ್ಟರನ್ನು ಕೇಳಿ ನಿಧಾನವಾಗಿ ಇಳಿಸಬೇಕು ಎಂಬುದು ನಾನು ಮೊದಲ ವರ್ಷದಲ್ಲೇ ಓದಿದ ಪಾಠ. ನಾಲಗೆಯ ತುದಿಗೆ ಬಂದಿತ್ತು. ಆದರೆ ಎದುರು ನಿಂತವರು ನನ್ನ ಟೀಚರ್. ಅದಕ್ಕಿಂತ ಹೆಚ್ಚಾಗಿ, ನಾನು ಬ್ಯಾರಿ. ಅವರ ದೇವರು ಕೊಟ್ಟದ್ದರ ಬಗ್ಗೆ ನಾನು ಬಾಯಿ ಹಾಕಿದರೆ ಅದು ಎಲ್ಲಿಂದ ಎಲ್ಲಿಗೆ ಹೋಗಬಹುದು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆಮ್ಮಿನ ಬಾಟಲಿಯನ್ನು ಕಾಗದದಲ್ಲಿ ಸುತ್ತುತ್ತ, "ಒಳ್ಳೇದಾಯ್ತು ಟೀಚರ್" ಎಂದೆ.

ಹತ್ತೊಂಬತ್ತು ದಿನಕ್ಕೆ ಹುಡುಗಿ ಹೋದಳು. ಮನೆಯ ಹಿಂದಿನ ತೋಡಿನಲ್ಲಿ ಕಾಲು ತೊಳೆಯಲು ಇಳಿದವಳಿಗೆ ಫಿಟ್ಸ್ ಬಂತು. ಮೊಣಕಾಲು ಮುಳುಗದಷ್ಟು ನೀರು. ತಾಯಿ ಅಕ್ಕಿ ಅರೆಯುತ್ತಿದ್ದರಂತೆ, ಗ್ರೈಂಡರಿನ ಸದ್ದಿಗೆ ಏನೂ ಕೇಳಿಸಲಿಲ್ಲವಂತೆ.

ಮಣ್ಣಿಗೆ ನಾನೂ ಹೋಗಿದ್ದೆ. ಚರ್ಚಿನ ಅಂಗಳದಲ್ಲಿ ನೆರೆಯವರ ಜೊತೆ ನಿಂತಿದ್ದೆ. ಟೀಚರ್ ಅಳಲಿಲ್ಲ. ಚರ್ಚಿನ ಪ್ರಾರ್ಥನಾಕೂಟದ ಹೆಂಗಸೊಬ್ಬರು ಪಕ್ಕದವರಿಗೆ ಮೆಲ್ಲಗೆ, "ವಿಶ್ವಾಸ ಎಲ್ಲಿಯೋ ಸ್ವಲ್ಪ ಕಡಿಮೆ ಆಯ್ತೋ ಏನೋ" ಎಂದದ್ದು ನನಗೇ ಕೇಳಿಸಿತು. ಮುಂದೆ ನಡೆಯುತ್ತಿದ್ದ ಟೀಚರ್ ಒಂದು ಕ್ಷಣ ನಿಂತದ್ದನ್ನು ನೋಡಿದೆ. ಅವರಿಗೂ ಕೇಳಿಸಿರಬೇಕು.

ಅಲ್ಲಿಂದ ಒಂಬತ್ತು ವರ್ಷ ಅವರು ಚರ್ಚಿನೊಳಗೆ ಕಾಲಿಡಲಿಲ್ಲ.

ಅವರ ಗಂಡ ಲೈನ್‌ಮ್ಯಾನ್ ಆಗಿದ್ದವರು, ಮಾತು ಕಡಿಮೆ. ಭಾನುವಾರ ಬೆಳಿಗ್ಗೆ ಹೆಂಡತಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದು ನನ್ನ ಅಂಗಡಿಯ ಎದುರು ಬಸ್ ನಿಲ್ಲುವಲ್ಲಿ ಇಳಿಸಿ, ತಾನು ತಿರುಗಿ ಚರ್ಚಿನ ಪೂಜೆಗೆ ಹೋಗುವರು. ಟೀಚರ್ ಬಂಟ್ವಾಳದ ಬಸ್ಸು ಹತ್ತುವರು. ಅಲ್ಲಿ ಇಳಿದು ಸಿದ್ಧಕಟ್ಟೆಯ ಮೇಲಾಗಿ ಮೂಡಬಿದ್ರೆ, ಮೂಡಬಿದ್ರೆಯಿಂದ ವೇಣೂರು, ಗುರುವಾಯನಕೆರೆ, ಮತ್ತೆ ಮಡಂತ್ಯಾರು. ಎಲ್ಲಿಯೂ ಯಾರ ಮನೆಗೂ ಹೋಗುವುದಿಲ್ಲ, ಏನೂ ಕೊಳ್ಳುವುದಿಲ್ಲ. ಸೀಟು ಖಾಲಿ ಇದ್ದರೂ ಕಂಬ ಹಿಡಿದು ನಿಂತಿರುತ್ತಾರೆ ಎಂದು ಕಂಡಕ್ಟರೊಬ್ಬ ನನಗೆ ಹೇಳಿದ್ದ.

"ಎಲ್ಲಿಗೆ ಟೀಚರ್ ವಾರ ವಾರ?" ಎಂದು ಒಮ್ಮೆ ಕೇಳಿಬಿಟ್ಟೆ.

"ಎಲ್ಲಿಗೂ ಇಲ್ಲ. ಒಂದು ತ್ರಿಕೋನ ಸುತ್ತಿ ಬರ್ತೇನೆ. ಪೂಜೆ ಮುಗಿಯುವವರೆಗೆ ಮನೆಯಲ್ಲಿ ಇರ್ಲಿಕ್ಕೆ ಆಗುವುದಿಲ್ಲ, ಅಲ್ಲಿಗೆ ಹೋಗ್ಲಿಕ್ಕೂ ಆಗುವುದಿಲ್ಲ."

ಅವರನ್ನು ಹಿಂದೆ ಕರೆತರಲು ಜನ ಪ್ರಯತ್ನಿಸದೆ ಇರಲಿಲ್ಲ. ಚರ್ಚಿನ ಕಡೆಯಿಂದ ಆ ವಾಡೆಯ ಮನೆಗಳಿಗೆ ಮುಖ್ಯಸ್ಥರಾದ ಗುರ್ಕಾರರು ಬಂದರು. ಕಾನ್ವೆಂಟಿನಲ್ಲಿದ್ದ ಚಿಕ್ಕಮ್ಮ ಬಂದು ಮೂರು ದಿನ ಇದ್ದು ಹೋದರು. ದೇವರ ಬಾಗಿಲು ಯಾವಾಗಲೂ ತೆರೆದೇ ಇದೆ, ಒಂದು ಹೆಜ್ಜೆ ನೀನಿಡು, ಉಳಿದದ್ದನ್ನು ಅವನೇ ನಡೆದು ಬರುತ್ತಾನೆ ಎಂದರು ಚಿಕ್ಕಮ್ಮ. ಪ್ರಾರ್ಥನಾಕೂಟದ ಮುಖಂಡರ ಮಾತು ಬೇರೆ. ಒಮ್ಮೆ ಬೆಳಕನ್ನು ಕಂಡು, ಅದರ ರುಚಿ ನೋಡಿ, ಆಮೇಲೆ ಬಿದ್ದುಹೋದವರನ್ನು ಮತ್ತೆ ಎತ್ತಿ ನಿಲ್ಲಿಸುವುದು ಆಗದ ಕೆಲಸ ಎಂದು ಶಾಸ್ತ್ರದಲ್ಲೇ ಇದೆ, ಎಚ್ಚರ ಎಂದು ಅವರು ಹೇಳಿ ಹೋದರು. ಒಂದು ಭಾನುವಾರ ಬಸ್ಸು ತಡವಾದಾಗ ಟೀಚರ್ ಇದನ್ನೆಲ್ಲ ನನ್ನ ಕೌಂಟರಿಗೆ ಒರಗಿ ನಿಂತು ಹೇಳಿದರು.

"ನಿಮಗೆ ಯಾವುದು ಸರಿ ಅಂತ ಕಾಣ್ತದೆ?" ಎಂದೆ.

"ಎರಡೂ ನನ್ನ ಬಗ್ಗೆ ಅಲ್ಲ. ನಾನು ದೇವರ ಮೇಲೆ ಸಿಟ್ಟು ಮಾಡಿಕೊಂಡಿದ್ದೇನೆ ಅಂತ ಎಲ್ಲರೂ ತಿಳ್ಕೊಂಡಿದ್ದಾರೆ. ಸಿಟ್ಟಲ್ಲ ಮಾರಾಯ. ಯಾವ ಮುಖ ಇಟ್ಕೊಂಡು ಹೋಗುವುದು? ಮಾತ್ರೆ ನಿಲ್ಲಿಸು ಅಂತ ನನಗೆ ಯಾರೂ ಹೇಳ್ಲಿಲ್ಲ, ಗೊತ್ತುಂಟಾ? ಅಲ್ಲಿಯ ಬೋಧಕರು ಕೂಡ ಹೇಳ್ಲಿಲ್ಲ. ಸಾವಿರ ಜನರ ಎದುರು ಗುಣ ಆಯ್ತು ಅಂತ ಹೇಳಿ ಬಂದು, ಮನೆಯಲ್ಲಿ ಗುಟ್ಟಾಗಿ ಮಾತ್ರೆ ಕೊಡುವುದು ಸುಳ್ಳು ಅಂತ ನನಗೇ ಅನಿಸಿತು. ಸತ್ಯ ಹೇಳ್ಬೇಕು ಅಂತ ನಿಲ್ಲಿಸಿದೆ."

ಬಸ್ಸು ಬಂತೇ ಎಂದು ರಸ್ತೆಗೆ ಇಣುಕಿದರು. ಆಮೇಲೆ ಇದ್ದಕ್ಕಿದ್ದಂತೆ, "ನಿಮ್ಮಲ್ಲಿ ನಮಾಜು ಬಿಟ್ಟುಹೋದ್ರೆ ಏನು ಮಾಡ್ತಾರೆ?" ಎಂದು ಕೇಳಿದರು.

"ಆಮೇಲೆ ಮಾಡಿ ತೀರಿಸ್ಬೇಕು ಟೀಚರ್."

"ವರ್ಷಗಟ್ಟಲೆ ಬಿಟ್ಟಿದ್ರೆ?"

"ಆದರೂ. ಒಂದೊಂದೇ."

"ಅದು ಒಳ್ಳೇದು. ಏನಾದ್ರೂ ಮಾಡ್ಲಿಕ್ಕೆ ಉಂಟು. ನಮ್ಮಲ್ಲಿ ಒಮ್ಮೆ ಮಂಡಿಯೂರಿದ್ರೆ ಮುಗೀತು ಅಂತಾರೆ. ಅಷ್ಟು ಸುಲಭ ಅಂತ ಹೇಳಿದ್ರೆ ನನಗೆ ಹೆದರಿಕೆ ಆಗ್ತದೆ."

ಬಸ್ಸು ಬಂತು, ಹೋದರು. ನಾನು ಆ ಹೊತ್ತಿಗೆ ಎಷ್ಟು ನಮಾಜು ಬಿಟ್ಟಿದ್ದೆ ಎಂದು ಅವರಿಗೆ ಗೊತ್ತಿರಲಿಲ್ಲ. ಆ ಹುಡುಗಿ ಹೋದ ಮೇಲೆ ಮಸೀದಿಯ ಸಾಲಿನಲ್ಲಿ ನಿಂತಾಗ ನನಗೆ ಕೇಳಿಸುತ್ತಿದ್ದದ್ದು ನನ್ನದೇ ಧ್ವನಿ: ಒಳ್ಳೇದಾಯ್ತು ಟೀಚರ್. ಶುಕ್ರವಾರ ಮಾತ್ರ ಹೋಗುತ್ತಿದ್ದೆ, ಅದೂ ಜನ ಕೇಳುತ್ತಾರೆಂದು.

ಒಂಬತ್ತನೆಯ ವರ್ಷದಲ್ಲಿ ಮೂಡಬಿದ್ರೆಯಿಂದ ಬರುವ ಬಸ್ಸಿನಲ್ಲಿ ಒಬ್ಬ ಹೆಂಗಸು ಟೀಚರನ್ನೇ ದಿಟ್ಟಿಸಿ ನೋಡಿ, ಎದ್ದು ಬಂದು ಅವರ ಕೈ ಹಿಡಿದುಕೊಂಡಳು. "ನೀವು ಆ ಸಾಕ್ಷಿ ಹೇಳಿದ ಟೀಚರ್ ಅಲ್ವಾ? ಮಗಳು ಹೇಗಿದ್ದಾಳೆ?" ಧ್ಯಾನಕೂಟದ ಸಾಕ್ಷಿಗಳನ್ನು ಯಾರೋ ಆಗಲೇ ವಿಡಿಯೊ ತೆಗೆದು ಸಿ.ಡಿ. ಮಾಡಿದ್ದರು; ಅದು ಈಗ ಮೊಬೈಲುಗಳಲ್ಲಿ ತಿರುಗುತ್ತಿತ್ತು. ಹೆಂಗಸಿನ ಹತ್ತೊಂಬತ್ತರ ಮಗಳಿಗೂ ಫಿಟ್ಸ್. ಟೀಚರ ಸಾಕ್ಷಿ ಕೇಳಿ ಧೈರ್ಯ ತಂದುಕೊಂಡ ಈ ತಾಯಿ ಒಂದು ವರ್ಷದಿಂದ ಮಾತ್ರೆ ನಿಲ್ಲಿಸಿದ್ದಾಳೆ. ಫಿಟ್ಸ್ ಬರುತ್ತಲೇ ಇದೆ. ಒಮ್ಮೆ ಒಲೆಯ ಮೇಲೆ ಬಿದ್ದು ಹುಡುಗಿಯ ಮುಂಗೈ ಸುಟ್ಟಿದೆ. "ನಮ್ಮ ವಿಶ್ವಾಸ ಇನ್ನೂ ಸಾಲದು ಟೀಚರ್. ನೀವು ನಮಗಾಗಿ ಪ್ರಾರ್ಥನೆ ಮಾಡಿ" ಎಂದಳಂತೆ.

ಟೀಚರ್ ಅವಳ ಜೊತೆ ವೇಣೂರಿನಲ್ಲಿ ಇಳಿದು ಅವಳ ಮನೆಗೆ ಹೋದರು. ಹುಡುಗಿಯ ಕೈ ನೋಡಿದರು. ತನ್ನ ಮಗಳ ಸಂಗತಿ ಹೇಳಿದರು. ತಾಯಿ ಮೊದಲು ನಂಬಲಿಲ್ಲ, ಆಮೇಲೆ ಬೈದಳು. ಬೈಯಲು ಬಿಟ್ಟು, ಮರುದಿನ ಬೆಳಿಗ್ಗೆ ತಾಯಿ ಮಗಳನ್ನು ಮಂಗಳೂರಿನ ಡಾಕ್ಟರಲ್ಲಿಗೆ ತಾನೇ ಕರೆದುಕೊಂಡು ಹೋದರು. ಸಂಜೆ ಚೀಟಿ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. ನಾನು ಮಾತ್ರೆ ಕೊಟ್ಟೆ. ಅವರಿಬ್ಬರನ್ನು ಬಸ್ಸು ಹತ್ತಿಸಿ ಬಂದು ಟೀಚರ್ ಕೌಂಟರಿನ ಎದುರು ನಿಂತರು.

"ನಾನು ಮಾತ್ರೆ ನಿಲ್ಲಿಸಿದ್ದು ಆವಾಗ ನಿನಗೆ ಗೊತ್ತಿತ್ತು."

"ಗೊತ್ತಿತ್ತು ಟೀಚರ್."

"ನಿಲ್ಲಿಸಬಾರದು ಅಂತಲೂ ಗೊತ್ತಿತ್ತು."

"ಹೌದು."

"ಯಾಕೆ ಹೇಳ್ಲಿಲ್ಲ?"

ಒಂಬತ್ತು ವರ್ಷದಿಂದ ಈ ಪ್ರಶ್ನೆಗೆ ನಾನು ಎಷ್ಟೋ ಉತ್ತರ ಕಟ್ಟಿದ್ದೆ. "ಹೆದರಿದೆ" ಎಂದೆ.

"ಹೇಳಿದ್ರೂ ನಾನು ಕೇಳ್ತಿರ್ಲಿಲ್ಲ" ಎಂದರು. ನನಗೆ ಒಮ್ಮೆಲೇ ಉಸಿರು ಬಂದಂತಾಯಿತು. ಅವರು ಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದು, ತಿರುಗಿ ನೋಡಿ, "ಆದರೂ ನೀನು ಹೇಳ್ಬೇಕಿತ್ತು" ಎಂದು ಹೋದರು.

ಮುಂದಿನ ಭಾನುವಾರ ಅವರು ಬಸ್ಸು ಹತ್ತಲಿಲ್ಲ. "ಫಾದರ್ ಹತ್ರ ಹೋಗುವ, ಬಾ. ಮಾತ್ರೆಯ ವಿಷಯ ಕೇಳಿದ್ರೆ ನೀನು ಹೇಳು" ಎಂದರು. ಅಂಗಡಿಗೆ ಬೀಗ ಹಾಕಿ ಹೊರಟೆ.

ಫಾದರ್ ಹೊಸಬರು, ಮೂವತ್ತೈದು ದಾಟಿರಲಿಕ್ಕಿಲ್ಲ. ಟೀಚರ ಕಥೆ ಕೇಳಿ ಗೊತ್ತಿತ್ತು. ತುಂಬ ಗೌರವದಿಂದ ಕೂರಲು ಹೇಳಿದರು. ಟೀಚರ್ ನಿಂತೇ ಮಾತಾಡಿದರು.

"ನಾನು ಚರ್ಚಿಗೆ ಪುನಃ ಬರ್ಬೇಕು ಅಂತ ಇದ್ದೇನೆ ಫಾದರ್."

"ದೇವರಿಗೆ ಸ್ತುತಿ. ಯಾವಾಗ ಬೇಕಾದ್ರೂ ಬನ್ನಿ ಟೀಚರ್. ಪಾಪನಿವೇದನೆ ಮಾಡಿ, ಪರಮಪ್ರಸಾದ ತಗೊಳ್ಳಿ. ಅಷ್ಟೇ."

"ಅಷ್ಟೇ ಅಲ್ಲ. ನಾನು ಸುಳ್ಳು ಸಾಕ್ಷಿ ಹೇಳಿದ್ದು ಮೈಕಿನಲ್ಲಿ. ಅದನ್ನು ಮೈಕಿನಲ್ಲೇ ಹಿಂದೆ ತಗೊಳ್ಬೇಕು."

ಫಾದರ್ ತಾನೂ ಎದ್ದು ನಿಂತರು. "ನೀವು ಬೇಕಂತ ಸುಳ್ಳು ಹೇಳಿದ್ದಲ್ಲವಲ್ಲ ಟೀಚರ್. ನಂಬಿ ಹೇಳಿದ್ದು. ದೇವರು ಕ್ಷಮಿಸಿದ ಮೇಲೆ ಅದು ಅಲ್ಲಿಗೆ ಮುಗಿಯಿತು. ಊರಿಗೆಲ್ಲ ಹೇಳ್ಬೇಕು ಅಂತ ಚರ್ಚು ಕೇಳುವುದಿಲ್ಲ."

"ನನಗೆ ಕ್ಷಮೆ ಸಿಗ್ತದೆ. ವೇಣೂರಿನ ಆ ಹುಡುಗಿಗೆ ಏನು ಸಿಗ್ತದೆ? ಅಂಥವರು ಇನ್ನೆಷ್ಟು ಜನ ಇದ್ದಾರೋ ನನಗೆ ಗೊತ್ತಿಲ್ಲ."

"ತಿರುಗಿ ಬರುವವರಿಗೆ ನಾವು ಷರತ್ತು ಹಾಕುವುದಿಲ್ಲ. ಷರತ್ತು ಹಾಕ್ತಾ ಇರುವುದು ನೀವು."

"ಹೌದು ಫಾದರ್. ನನಗೆ ನಾನೇ ಹಾಕಿದ್ದು. ಅದಿಲ್ಲದೆ ನಾನು ಬಂದು ಕೂತ್ರೆ, ಹಿಂದೆ ಬಂದಳು, ಸಮಾಧಾನ ಸಿಕ್ಕಿತು ಅಂತ ಇನ್ನೊಂದು ಕಥೆ ಆಗ್ತದೆ."

ಸುಲಭವಾಗಿ ಆಗಲಿಲ್ಲ. ಧ್ಯಾನಕೂಟ ನಡೆಸಿದವರಿಗೆ ಟೀಚರ್ ಮೂರು ಪತ್ರ ಬರೆದರು. ನಿಮಗಾಗಿ ಪ್ರಾರ್ಥಿಸುತ್ತೇವೆ ಎಂಬ ಉತ್ತರ ಬಂತು. ಚರ್ಚಿನ ಪಾಲನಾ ಮಂಡಳಿಯಲ್ಲಿ ಈ ವಿಷಯ ಎರಡು ಸಲ ಬಂದು ಎರಡು ಸಲವೂ ಜಗಳವಾಗಿ ಮುಗಿಯಿತು. ಜನರ ವಿಶ್ವಾಸ ಕೆಡುತ್ತದೆ ಎಂದು ಕೆಲವರು, ಬೇರೆ ಧರ್ಮದವರು ನಗುತ್ತಾರೆ ಎಂದು ಕೆಲವರು. ಏಳು ತಿಂಗಳು ಟೀಚರ್ ಪ್ರತಿ ಭಾನುವಾರ ಪೂಜೆಯ ಹೊತ್ತಿಗೆ ಹೋಗಿ ಚರ್ಚಿನ ಹೊರಗೆ, ಮೆಟ್ಟಿಲಿನ ಹತ್ತಿರ ನಿಲ್ಲತೊಡಗಿದರು. ಒಳಗೆ ಹೋಗಲಿಲ್ಲ. ಕೊನೆಗೆ ಫಾದರ್ ತಾನೇ ಒಂದು ನಿರ್ಧಾರಕ್ಕೆ ಬಂದು ಹೇಳಿ ಕಳಿಸಿದರು: ಪೂಜೆಯ ನಡುವೆ ಅಲ್ಲ, ಕೊನೆಯ ಆಶೀರ್ವಾದ ಆದ ಮೇಲೆ. ಮೂರು ನಿಮಿಷ.

ಆ ಭಾನುವಾರ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಟೀಚರ್ ಮುಂದೆ ಹೋಗಿ ನಿಂತರು. ಮೈಕು ಕೀಂ ಎಂದಿತು, ಯಾರೋ ಬಂದು ಸರಿಮಾಡಿದರು. ಕೈಯಲ್ಲಿ ಒಂದು ಕಾಗದವಿತ್ತು, ಅದನ್ನು ನೋಡಲಿಲ್ಲ. ಕೊಂಕಣಿಯಲ್ಲಿ ಮಾತಾಡಿದರು. ಅಂಗಡಿಯಲ್ಲಿ ಕೇಳಿ ಕೇಳಿ ನನಗೆ ಕೊಂಕಣಿ ತಿಳಿಯುತ್ತದೆ.

"ನನ್ನ ಮಗಳಿಗೆ ಎಂಟು ತಿಂಗಳು ಫಿಟ್ಸ್ ಬಂದಿರಲಿಲ್ಲ. ನಾನು ಕಂಡದ್ದು ಅಷ್ಟೇ. ಅದನ್ನು ಗುಣವಾಯಿತು ಎಂದು ಹೇಳಿದೆ. ಆ ಎಂಟು ತಿಂಗಳೂ ಅವಳು ಮಾತ್ರೆ ತೆಗೆದುಕೊಳ್ಳುತ್ತಿದ್ದಳು, ಅದನ್ನು ಹೇಳಲಿಲ್ಲ. ಆಮೇಲೆ ಮಾತ್ರೆ ನಿಲ್ಲಿಸಿದ್ದು ನಾನು. ಬೇರೆ ಯಾರೂ ಅಲ್ಲ. ಮೂರು ತಿಂಗಳಿಗೆ ಅವಳು ತೀರಿಹೋದಳು. ನನ್ನ ಮಾತು ಕೇಳಿ ಯಾರಾದರೂ ಮಾತ್ರೆ ನಿಲ್ಲಿಸಿದ್ದರೆ ಇವತ್ತೇ ಡಾಕ್ಟರಲ್ಲಿಗೆ ಹೋಗಿ. ಪ್ರಾರ್ಥನೆ ಮಾಡಿ, ಮಾತ್ರೆಯನ್ನೂ ಕೊಡಿ. ನಾನು ಹೇಳಿದ ಸಾಕ್ಷಿಯನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ಇನ್ನು ಮೇಲೆ ಚರ್ಚಿಗೆ ಬರುತ್ತೇನೆ, ನೀವು ಬಿಟ್ಟರೆ."

ನಡುವಿನ ಸಾಲಿನಿಂದ ಒಬ್ಬರು ಎದ್ದು ನಿಂತರು. "ಇದರಿಂದ ಎಷ್ಟು ಜನರ ವಿಶ್ವಾಸ ಹಾಳಾಗ್ತದೆ ಗೊತ್ತುಂಟಾ ಟೀಚರ್ ನಿಮಗೆ?"

"ಗೊತ್ತುಂಟು. ಅದೇ ಹೆದರಿಕೆಯಲ್ಲಿ ಒಂಬತ್ತು ವರ್ಷ ಹೋಯ್ತು."

ಕೆಲವರು ಎದ್ದು ಹೊರಗೆ ಹೋದರು. ಟೀಚರ್ ಮೈಕಿನ ಎದುರಿನಿಂದ ಸರಿದು ಎಲ್ಲಿ ಹೋಗಬೇಕೆಂದು ತಿಳಿಯದೆ ನಿಂತರು. ಆಗ ಅವರ ಗಂಡ ಎದ್ದು ಬಂದು, ಹೆಂಡತಿಯ ಮೊಣಕೈ ಹಿಡಿದು ತನ್ನ ಬೆಂಚಿಗೆ ಕರೆದುಕೊಂಡು ಹೋದರು. ಟೀಚರ್ ಕೂತರು.

ಆಮೇಲೆ ಎಲ್ಲ ಸರಿಹೋಯಿತು ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ಅವರು ವಾರ ತಪ್ಪದೆ ಪೂಜೆಗೆ ಹೋದರು, ಪಾಪನಿವೇದನೆ ಮಾಡಿದರು. ಆದರೆ ಪರಮಪ್ರಸಾದಕ್ಕೆ ಎದ್ದು ಹೋಗಲು ಇನ್ನೂ ಒಂದು ವರ್ಷ ಹಿಡಿಯಿತು. ಧರ್ಮೋಪದೇಶ ಪುನಃ ಕಲಿಸಿ ಎಂದು ಫಾದರ್ ಕೇಳಿದಾಗ ಒಪ್ಪಲಿಲ್ಲ. "ಈಗ ನಾನು ಕಲಿಯುವ ಬೆಂಚಿನಲ್ಲಿ ಇದ್ದೇನೆ" ಎಂದರಂತೆ. ಅಂಗಡಿಗೆ ಬಂದಾಗ ಒಮ್ಮೆ ನಾನು, "ಈಗ ಮನಸ್ಸಿಗೆ ಸಮಾಧಾನ ಉಂಟಲ್ಲ ಟೀಚರ್?" ಎಂದೆ.

"ಇಲ್ಲ" ಎಂದರು. "ಸಮಾಧಾನ ಸಿಕ್ಕಿತು ಅಂತ ಇನ್ನೊಂದು ಸಾಕ್ಷಿ ನನ್ನಿಂದ ಹೇಳಿಸ್ಬೇಡ."

"ಹಾಗಾದ್ರೆ ಯಾಕೆ ಹೋಗ್ತೀರಿ?"

"ಹೋಗದೆ ಇದ್ದಾಗ್ಲೂ ನಾನು ಅವನ ಹತ್ತಿರವೇ ಜಗಳ ಮಾಡ್ತಾ ಇದ್ದೆ. ಬಸ್ಸಿನಲ್ಲಿ ನಿಂತು ಮಾಡುವುದಕ್ಕಿಂತ ಅವನ ಮನೆಗೇ ಹೋಗಿ ಮಾಡುವ ಅಂತ." ಇದನ್ನು ಹೇಳಿ ಅವರು ನಕ್ಕರು. ಬಹಳ ವರ್ಷಕ್ಕೆ ನಾನು ಕಂಡ ನಗು ಅದು.

ಚರ್ಚಿನಲ್ಲಿ ಹೇಳಿದ್ದನ್ನೇ ಅವರು ನನ್ನ ಮೊಬೈಲಿನಲ್ಲಿ ಇನ್ನೊಮ್ಮೆ ಹೇಳಿ ರೆಕಾರ್ಡ್ ಮಾಡಿಸಿದ್ದರು. ಹಳೆಯ ಸಾಕ್ಷಿ ಎಲ್ಲೆಲ್ಲಿ ಹೋಗಿದೆಯೋ ಅಲ್ಲೆಲ್ಲ ಇದನ್ನೂ ಕಳಿಸಲು ನಾವಿಬ್ಬರೂ ಪ್ರಯತ್ನಿಸಿದೆವು. ಹಳೆಯದು ಓಡಿದ ಹಾಗೆ ಇದು ಓಡಲಿಲ್ಲ. ಟೀಚರ್ ತೀರಿಕೊಂಡ ಮೂರನೆಯ ದಿನ ನನ್ನ ಫೋನಿಗೆ ಒಂದು ಗುಂಪಿನಿಂದ ಆ ಹಳೆಯ ಸಾಕ್ಷಿಯೇ ಬಂತು: ಹುಡುಗಿಯ ಕೈ ಹಿಡಿದು ವೇದಿಕೆಯ ಮೇಲೆ ನಿಂತ ಟೀಚರ್, ಕೆಳಗೆ "ಈ ವಿಶ್ವಾಸದ ತಾಯಿ ಈಗ ಸ್ವರ್ಗದಲ್ಲಿ" ಎಂಬ ಬರಹ. ನಾನು ಎರಡನೆಯದನ್ನು ಅದರ ಕೆಳಗೆ ಹಾಕಿದೆ. ಇಬ್ಬರು ಗುಂಪು ಬಿಟ್ಟು ಹೋದರು. ಈ ಸಲ ಮತ್ತೆ ಹೆದರಿ "ಒಳ್ಳೇದಾಯ್ತು" ಎಂದು ಸುಮ್ಮನಿರಲು ನನ್ನಿಂದಾಗಲಿಲ್ಲ.

ಅವರಿಗೆ ಹೊಟ್ಟೆಯ ಕ್ಯಾನ್ಸರು. ನಿವೃತ್ತಿಯಾಗಿ ಎರಡು ವರ್ಷಕ್ಕೆ ಗೊತ್ತಾಯಿತು, ಆಗಲೇ ತಡವಾಗಿತ್ತು. ನೋವಿನ ಔಷಧವನ್ನು ನಾನೇ ವಾರಕ್ಕೊಮ್ಮೆ ಮನೆಗೆ ತಲುಪಿಸುತ್ತಿದ್ದೆ. ಕೊನೆಯ ಸಲ ಹೋದಾಗ ಒಳಗಿನಿಂದ ಹಾಡು ಕೇಳಿಸಿತು. ಪ್ರಾರ್ಥನಾಕೂಟದ ಆರೇಳು ಹೆಂಗಸರು ಮಂಚದ ಸುತ್ತ ನಿಂತು, ಟೀಚರ ತಲೆಯ ಮೇಲೆ ಕೈಯಿಟ್ಟು, ಗುಣವಾಗಲಿ ಎಂದು ಪ್ರಾರ್ಥಿಸುತ್ತಿದ್ದರು. ನನಗೆ ಮೈ ಉರಿಯಿತು. ಅವರು ಹೋಗುವವರೆಗೆ ಜಗಲಿಯಲ್ಲಿ ನಿಂತಿದ್ದು ಒಳಗೆ ಹೋದೆ.

"ಅವರನ್ನು ಯಾಕೆ ಬಿಟ್ಟಿರಿ ಟೀಚರ್?"

"ಯಾಕೆ ಬಿಡಬಾರದು? ಕೇಳ್ಕೊಂಡು ಬಂದ್ರು. ಔಷಧ ನಿಲ್ಲಿಸು ಅಂತ ಹೇಳ್ಲಿಲ್ಲ, ಒಳ್ಳೇದಾಗ್ಲಿ ಅಂತ ಕೇಳಿದ್ರು." ಉಸಿರು ತೆಗೆದುಕೊಂಡರು. "ನೀನೂ ಮಾಡು. ನಿಮ್ಮ ಕ್ರಮದಲ್ಲಿ."

"ಈಗಲಾ?"

"ಮತ್ತೆ ಯಾವಾಗ?"

ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಎರಡೂ ಕೈ ಎತ್ತಿದೆ. ಎಷ್ಟೋ ಕಾಲವಾಗಿತ್ತು ನಾನು ಹೀಗೆ ಯಾರಿಗಾಗಿಯಾದರೂ ಕೈ ಎತ್ತಿ. ಬಾಯಿಪಾಠ ಬಂದದ್ದನ್ನು ಮೆಲ್ಲಗೆ ಹೇಳಿ, ಕೇಳಬೇಕಾದ್ದನ್ನು ಮನಸ್ಸಿನಲ್ಲಿ ಕೇಳಿ, ಮುಖ ಸವರಿಕೊಂಡೆ. ಅವರು ನನ್ನನ್ನೇ ನೋಡುತ್ತಿದ್ದರು.

"ಏನು ಕೇಳಿದೆ?"

"ನೋವು ಕಡಿಮೆಯಾಗ್ಲಿ ಅಂತ."

"ಗುಣ ಆಗ್ಲಿ ಅಂತ ಕೇಳ್ಲಿಲ್ವಾ?"

ನಾನು ತಲೆ ತಗ್ಗಿಸಿದೆ. ಆ ರಿಪೋರ್ಟುಗಳನ್ನು ನಾನು ಓದಿದ್ದೆ, ಅವರೂ ಓದಿದ್ದರು. "ಇಲ್ಲ ಟೀಚರ್" ಎಂದೆ.

"ಅದನ್ನೂ ಕೇಳು ಮಾರಾಯ" ಎಂದರು. "ಕೊಡುವುದು ಬಿಡುವುದು ಅವನಿಗೆ ಬಿಟ್ಟದ್ದು. ಕೇಳ್ಲಿಕ್ಕೆ ನಮಗೆ ಯಾಕೆ ಹೆದರಿಕೆ?"

ಮತ್ತೆ ಕೈ ಎತ್ತಿದೆ. ಈ ಸಲ ಗಟ್ಟಿಯಾಗಿ, ಅವರಿಗೆ ತಿಳಿಯಲೆಂದು ಕನ್ನಡದಲ್ಲೇ ಕೇಳಿದೆ. ಎಲ್ಲಿ ಮುಗಿಯುತ್ತದೆಂದು ಗೊತ್ತಾಗದೆ ಅವರು ನನಗಿಂತ ಸ್ವಲ್ಪ ಮೊದಲೇ ಆಮೆನ್ ಎಂದರು.